ಎಲ್ಲರೂ ಸಮಾನರಾಗಿರುವ ಊರು ಸೆರೆಮನೆ ಆಗೋದು ಯಾವಾಗ?

ಶಾಯಿಪೆನ್ನು

ಎಲ್ಲರಿಗೂ ನಮಸ್ಕಾರ. ಒಂದು ನೀಳ್ಗತೆ ಬರೀತಾ ಇದ್ದೀನಿ. ಒಂದು ದ್ವೀಪ. ದೊಡ್ಡ ಯುದ್ಧ ಮುಗಿದ ಮೇಲೆ ಬದುಕಿ ಉಳಿದವರು ಅಲ್ಲಿಗೆ ಬಂದು ಸೇರ್ತಾರೆ. ಇನ್ನು ಮುಂದೆ ನಮ್ಮಲ್ಲಿ ಮೇಲು ಕೀಳು ಇರಬಾರದು ಅಂತ ತೀರ್ಮಾನ ಮಾಡ್ತಾರೆ. ಒಂದೇ ಅಳತೆಯ ಮನೆ, ಒಂದೇ ಬಣ್ಣದ ಬಟ್ಟೆ, ಇಡೀ ಊರಿಗೆ ಒಂದೇ ಅಡುಗೆಮನೆ. ಅವರಲ್ಲಿ ಯಾರೂ ಕೆಟ್ಟವರಲ್ಲ. ಆದರೆ ಒಂದು ತಲೆಮಾರು ಕಳೆಯೋದ್ರೊಳಗೆ ಆ ದ್ವೀಪ ನರಕ ಆಗಿರುತ್ತೆ.

ಶುರು ಹೇಗೆ, ಕೊನೆ ಹೇಗೆ ಅಂತ ಗೊತ್ತಿದೆ. ನಡುವಿನ ಭಾಗ ಕೂಡಿಬರ್ತಾ ಇಲ್ಲ. ಒಬ್ಬ ದುಷ್ಟ ನಾಯಕನನ್ನು ತಂದು ಎಲ್ಲವನ್ನೂ ಅವನ ತಲೆಗೆ ಕಟ್ಟೋಕೆ ನನಗೆ ಮನಸ್ಸಿಲ್ಲ. ಒಳ್ಳೆಯ ಉದ್ದೇಶದ ಜನ, ಕೇಳೋಕೆ ನ್ಯಾಯವಾಗಿರೋ ನಿಯಮಗಳು, ಆದರೂ ನರಕ. ಇದು ಆಗೋದು ಹೇಗೆ? ವಿಷ ಸಮಾನತೆಯ ಆಸೆಯಲ್ಲೇ ಇದೆಯಾ, ಜಾರಿ ಮಾಡೋ ರೀತಿಯಲ್ಲಿ ಇದೆಯಾ? ಇತಿಹಾಸ ಓದಿಕೊಂಡವರು ಹೇಳಿ.

ಹಳೇಬೇರು

ದುಷ್ಟ ನಾಯಕ ಬೇಡ ಅಂದದ್ದು ಒಳ್ಳೆಯದಾಯಿತು. ಈ ಇಡೀ ಕಲ್ಪನೆಗೆ ಹೆಸರು ಕೊಟ್ಟ ಕೃತಿಯಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೆ. ಥಾಮಸ್ ಮೋರ್ 1516ರಲ್ಲಿ ಲ್ಯಾಟಿನ್‌ನಲ್ಲಿ ಪ್ರಕಟಿಸಿದ ‘ಯುಟೋಪಿಯಾ’ ಕೂಡ ಒಂದು ದ್ವೀಪದ ಕಥೆಯೇ. 54 ನಗರಗಳು, ಒಂದನ್ನು ನೋಡಿದರೆ ಎಲ್ಲವನ್ನೂ ನೋಡಿದ ಹಾಗೆ. ದಿನಕ್ಕೆ 6 ಗಂಟೆ ದುಡಿದರೆ ಸಾಕು, ಯಾರಿಗೂ ಹಸಿವಿಲ್ಲ. ಹೊಟ್ಟೆಪಾಡಿಗೆ ಕದ್ದವನನ್ನೂ ನೇಣಿಗೆ ಹಾಕುತ್ತಿದ್ದ ಅಂದಿನ ಇಂಗ್ಲೆಂಡಿನ ಪಕ್ಕದಲ್ಲಿಟ್ಟು ಓದಿದರೆ ಅದು ಎಷ್ಟು ದೊಡ್ಡ ಕನಸು ಅಂತ ಗೊತ್ತಾಗುತ್ತದೆ. ಆ ಕನಸನ್ನು ನಾನು ಹಗುರವಾಗಿ ನೋಡುವುದಿಲ್ಲ.

ಆದರೆ ಅಲ್ಲಿನ ನಿಯಮಗಳನ್ನು ಒಂದೊಂದಾಗಿ ನೋಡುತ್ತಾ ಹೋಗಿ. ಮನೆಯ ಮೇಲೆ ಯಾರಿಗೂ ಮಮಕಾರ ಬರಬಾರದು ಅಂತ 10 ವರ್ಷಕ್ಕೊಮ್ಮೆ ಚೀಟಿ ಎತ್ತಿ ಮನೆ ಬದಲಾಯಿಸುತ್ತಾರೆ. ಬಾಗಿಲಿಗೆ ಬೀಗ ಇಲ್ಲ, ಯಾರು ಬೇಕಾದರೂ ಒಳಗೆ ಬರಬಹುದು. ಮನೆಯಲ್ಲಿ ಮಂದಿ ಹೆಚ್ಚಾದರೆ ಕೆಲವರನ್ನು ಕಡಿಮೆ ಇರುವ ಮನೆಗೆ ಕಳಿಸುತ್ತಾರೆ. ಪಕ್ಕದ ನಗರಕ್ಕೆ ಹೋಗಬೇಕಾದರೂ ಅನುಮತಿ ಪತ್ರ ಬೇಕು. ಪತ್ರವಿಲ್ಲದೆ ಎರಡನೇ ಸಲ ಸಿಕ್ಕಿಬಿದ್ದರೆ ಗುಲಾಮಗಿರಿ. ರಾಜ್ಯದ ವಿಷಯವನ್ನು ಸಭೆಯ ಹೊರಗೆ ಕೂತು ಚರ್ಚಿಸಿದರೆ ಮರಣದಂಡನೆ.

ಇವು ಯಾವುವೂ ಕೇಡು ಬಯಸಿ ಮಾಡಿದ ನಿಯಮಗಳಲ್ಲ ಅನ್ನುವುದನ್ನು ಗಮನಿಸಿ. ಪ್ರತಿಯೊಂದೂ ಹಿಂದಿನ ನಿಯಮದಲ್ಲಿ ಉಳಿದುಹೋದ ಸಂದನ್ನು ಮುಚ್ಚುವುದಕ್ಕೆ ಬಂದಿದೆ. ಆಸ್ತಿ ಇಲ್ಲ ಅಂದ ಮೇಲೂ ಮನೆಯ ಮೇಲೆ ಮೋಹ ಹುಟ್ಟುತ್ತದೆ, ಅದಕ್ಕೆ ಚೀಟಿ. ಮನೆ ಬದಲಾಯಿಸಿದರೂ ಒಳಗೆ ಏನಾದರೂ ಬಚ್ಚಿಡಬಹುದು, ಅದಕ್ಕೆ ಬೀಗವಿಲ್ಲದ ಬಾಗಿಲು. ಇದೆಲ್ಲ ಬೇಡ ಅನ್ನಿಸಿದವನು ಎದ್ದು ಹೊರಟಾನು, ಅದಕ್ಕೆ ಅನುಮತಿ ಪತ್ರ. ನಿಮ್ಮ ಕಥೆಯ ನಡುವಿನ ಭಾಗ ಇದೇ ಅಂತ ನನ್ನ ಅನಿಸಿಕೆ.

ದಾರಿಹೋಕ

ಅದು ಪುಸ್ತಕ ಸರ್. ನಿಜವಾಗಿ ಯಾರಾದ್ರೂ ಮಾಡಿ ನೋಡಿದ್ದಾರಾ?

ಹಳೇಬೇರು

@ದಾರಿಹೋಕ ಆ ಪುಸ್ತಕ ಬಂದ 18 ವರ್ಷಕ್ಕೇ. 1534ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್ ನಗರ ಅನಬ್ಯಾಪ್ಟಿಸ್ಟರು ಅನ್ನುವ ಕ್ರೈಸ್ತ ಪಂಥದವರ ಕೈಗೆ ಬಂತು. ಇವರು ಮೋರನನ್ನು ಓದಿ ಹೊರಟವರಲ್ಲ, ಬೈಬಲಿನ ಆದಿ ಕ್ರೈಸ್ತರ ಹಾಗೆ ಎಲ್ಲವನ್ನೂ ಹಂಚಿಕೊಂಡು ಬಾಳಬೇಕು ಅಂದುಕೊಂಡವರು. ಹಣವನ್ನು ತಂದೊಪ್ಪಿಸಿ ಅಂದರು. ಮನೆಬಾಗಿಲನ್ನು ಹಗಲೂ ರಾತ್ರಿ ತೆರೆದಿಡಿ ಅಂದರು. ಬೈಬಲ್ ಬಿಟ್ಟು ಉಳಿದ ಪುಸ್ತಕಗಳನ್ನು ಸುಟ್ಟರು. ಹೊರಗೆ ಬಿಷಪ್ಪನ ಸೈನ್ಯ ಮುತ್ತಿಗೆ ಹಾಕಿತ್ತು, ಒಳಗಿನ ಭಯಕ್ಕೆ ಅದೂ ಕಾರಣ, ಅದನ್ನು ಮರೆಯಬಾರದು. ಆದರೆ ಅದೇ ವರ್ಷ ಯಾನ್ ಎಂಬಾತ ತನ್ನನ್ನು ರಾಜನೆಂದು ಘೋಷಿಸಿಕೊಂಡ. ಜನರ ಹೆಚ್ಚುವರಿ ಬಟ್ಟೆಯನ್ನು ಕಸಿದುಕೊಂಡ ಊರಿನಲ್ಲಿ ರಾಜನಿಗೂ ಅವನ ಪರಿವಾರಕ್ಕೂ ಬೆಲೆಬಾಳುವ ಉಡುಪು. 1535ರ ಜೂನ್‌ನಲ್ಲಿ ನಗರ ಬಿದ್ದಾಗ ಜನ ಹಸಿವಿನಿಂದ ಸಾಯುತ್ತಿದ್ದರು. ಮುಂದೆ ನಾಯಕರನ್ನು ಕೊಂದು, ಶವಗಳನ್ನು ಕಬ್ಬಿಣದ ಪಂಜರಗಳಲ್ಲಿಟ್ಟು ಚರ್ಚಿನ ಗೋಪುರಕ್ಕೆ ನೇತುಹಾಕಿದರು. ಆ ಮೂರು ಪಂಜರಗಳು ಇವತ್ತಿಗೂ ಅಲ್ಲೇ ಇವೆ.

ತರ್ಕಜೀವಿ

ಇದಕ್ಕೆ ತತ್ವಶಾಸ್ತ್ರದಲ್ಲಿ ಒಂದು ಹಳೆಯ ವಾದ ಇದೆ. ಡೇವಿಡ್ ಹ್ಯೂಮ್ 1751ರಲ್ಲೇ ಇದನ್ನು ಬರೆದಿದ್ದಾನೆ. ಆಸ್ತಿಯನ್ನು ಇವತ್ತು ಎಷ್ಟೇ ಸಮನಾಗಿ ಹಂಚಿ, ಜನರ ಕೌಶಲ, ಎಚ್ಚರ, ದುಡಿಮೆ ಒಂದೇ ಥರ ಇರಲ್ಲ, ಹಾಗಾಗಿ ಆ ಸಮತೆ ಕೂಡಲೇ ಒಡೆಯುತ್ತೆ. ಒಡೆಯದ ಹಾಗೆ ಕಾಯಬೇಕು ಅಂದರೆ ಅಸಮತೆ ಮೊಳಕೆ ಒಡೆದ ಕಡೆಯೆಲ್ಲ ಹುಡುಕಿ ಪತ್ತೆ ಹಚ್ಚಬೇಕು, ಶಿಕ್ಷಿಸಬೇಕು. ಅಷ್ಟೊಂದು ಅಧಿಕಾರ ಯಾರ ಕೈಗೆ ಕೊಟ್ಟರೂ ಅದು ಬೇಗ ದಬ್ಬಾಳಿಕೆ ಆಗುತ್ತೆ ಅಂತ ಅವನ ವಾದ.

ಅಂದರೆ @ಶಾಯಿಪೆನ್ನು, ನಿಮ್ಮ ದ್ವೀಪದಲ್ಲಿ ಸಮಾನತೆಯನ್ನು ಒಂದು ದಿನ ಸ್ಥಾಪಿಸಿ ಮುಗಿಸೋಕೆ ಆಗಲ್ಲ. ಅದನ್ನು ದಿನಾ ಬೆಳಿಗ್ಗೆ ಹೊಸದಾಗಿ ಮಾಡ್ತಾನೇ ಇರಬೇಕು. ಅದನ್ನೇ ಕೆಲಸ ಮಾಡಿಕೊಂಡವರು ಕೆಲವರು ಹುಟ್ಟಿಕೊಳ್ತಾರೆ. ಅಳೆಯುವವರು ಮತ್ತು ಅಳೆಸಿಕೊಳ್ಳುವವರು ಅಂತ ಅಲ್ಲಿಗೆ ಎರಡು ವರ್ಗ ಆಯ್ತು.

ಸಮಪಾಲು

ಈ ಚರ್ಚೆ ಹೋಗುತ್ತಿರುವ ದಾರಿ ನೋಡಿ ನನಗೆ ಕಳವಳ ಆಗುತ್ತಿದೆ. “ಸಮಾನತೆಗೆ ಬಲವಂತ ಬೇಕು, ಬಲವಂತ ಬಂದರೆ ನರಕ, ಆದ್ದರಿಂದ ಇದ್ದದ್ದು ಇದ್ದ ಹಾಗೇ ಇರಲಿ.” ಮೇಲೆ ಕೂತವರು ಎಲ್ಲ ಕಾಲದಲ್ಲೂ ಹೇಳಿಕೊಂಡು ಬಂದ ಮಾತು ಇದು. ಅಸಮಾನತೆ ತಾನಾಗಿ ನಿಂತಿರುತ್ತದೆ, ಅದಕ್ಕೆ ಕಾವಲು ಬೇಡ ಅಂದುಕೊಂಡಿದ್ದೀರಾ? ಯಾವ ದರ್ಜೆಯವರು ಯಾವ ಬಟ್ಟೆ ಉಡಬಹುದು ಅಂತ ಮಧ್ಯಯುಗದ ಯುರೋಪಿನಲ್ಲೂ ತೊಕುಗವಾ ಕಾಲದ ಜಪಾನಿನಲ್ಲೂ ಕಾನೂನೇ ಇತ್ತು. ದಕ್ಷಿಣ ಆಫ್ರಿಕಾದಲ್ಲಿ ಕಪ್ಪು ಜನ ತಮ್ಮದೇ ದೇಶದ ನಗರದಲ್ಲಿ ಓಡಾಡಲು 1986ರವರೆಗೂ ಪಾಸ್ ಇಟ್ಟುಕೊಳ್ಳಬೇಕಿತ್ತು. ಮೋರನ ದ್ವೀಪದ ಅನುಮತಿ ಪತ್ರಕ್ಕೆ ಬೆಚ್ಚಿಬೀಳುವವರು ಈ ಪಾಸಿನ ಬಗ್ಗೆಯೂ ಅಷ್ಟೇ ಮಾತಾಡಬೇಕು.

ಇನ್ನು ಬಲವಂತದ ಸಮಾನತೆ ಯಾವಾಗಲೂ ಕೆಡುತ್ತದೆ ಅನ್ನುವುದೂ ಸರಿಯಲ್ಲ. ಎರಡನೇ ಮಹಾಯುದ್ಧದ ಬ್ರಿಟನ್ನಿನಲ್ಲಿ 1940ರಿಂದ 1954ರವರೆಗೆ ಪಡಿತರ ಇತ್ತು. ಬೆಣ್ಣೆ, ಸಕ್ಕರೆ, ಮಾಂಸ, ಬಟ್ಟೆ ಎಲ್ಲದಕ್ಕೂ ಕೂಪನ್. ರಾಜಮನೆತನಕ್ಕೂ ಪಡಿತರ ಪುಸ್ತಕ ಇತ್ತು. ಕಾನೂನು ಮುರಿದರೆ ಶಿಕ್ಷೆ ಇತ್ತು. ಅದನ್ನು ಯಾರಾದರೂ ನರಕ ಅನ್ನುತ್ತಾರಾ? ಬಡವರ ಮಕ್ಕಳಿಗೆ ಹಾಲು ಗ್ಯಾರಂಟಿಯಾಗಿ ಸಿಕ್ಕ ಕಾಲ ಅದು.

ದಾರಿಹೋಕ

ಬ್ರಿಟನ್ ಉದಾಹರಣೆ ಚೆನ್ನಾಗಿದೆ ಮೇಡಂ. ಆದ್ರೆ ಅಲ್ಲಿ ಪಡಿತರ ಸರಿ ಇಲ್ಲ ಅಂತ ಪತ್ರಿಕೇಲಿ ಬರೀಬಹುದಿತ್ತು. 1945ರಲ್ಲಿ ಚುನಾವಣೆ ನಡೀತು, ಯುದ್ಧ ಗೆದ್ದ ಚರ್ಚಿಲ್ಲೇ ಸೋತ್ರು. ಕೂಪನ್ ಕೊಡೋ ಸರ್ಕಾರವನ್ನೇ ಜನ ಕೆಳಗಿಳಿಸಬಹುದಿತ್ತು. ವ್ಯತ್ಯಾಸ ಅಲ್ಲೇ ಇರೋದು ಅಲ್ವಾ?

ತರ್ಕಜೀವಿ

ಇನ್ನೊಂದು ವ್ಯತ್ಯಾಸ ಸೇರಿಸ್ತೀನಿ. ಆ ಪಡಿತರ ಎಲ್ಲರನ್ನೂ ಒಂದೇ ಅಚ್ಚಿಗೆ ಹಾಕಲಿಲ್ಲ. ಗರ್ಭಿಣಿಯರಿಗೆ ಹೆಚ್ಚುವರಿ ಹಾಲು, ಹೊಲದಲ್ಲಿ ದುಡಿಯೋರಿಗೆ ಹೆಚ್ಚು ಚೀಸ್. ಸಸ್ಯಾಹಾರಿ ಅಂತ ಹೆಸರು ಬರೆಸಿದರೆ ಮಾಂಸದ ಪಾಲಿನ ಬದಲು ಚೀಸ್ ಕೊಡ್ತಿದ್ದರು. ಸರ್ಕಾರ ಯುದ್ಧದ ನಡುವೆಯೂ ಒಬ್ಬರ ದೇಹ ಇನ್ನೊಬ್ಬರ ಹಾಗಲ್ಲ, ಒಬ್ಬರ ನಂಬಿಕೆ ಇನ್ನೊಬ್ಬರ ಹಾಗಲ್ಲ ಅಂತ ಲೆಕ್ಕಕ್ಕೆ ತಗೊಂಡಿತ್ತು.

ಹಳೇಬೇರು

ಬ್ರಿಟನ್ನಿನಲ್ಲಿ ಪಡಿತರ ಮುಗಿದು 4 ವರ್ಷಕ್ಕೆ ಚೀನಾದಲ್ಲಿ ಏನಾಯಿತು ಅಂತ ಎದುರಿಗಿಟ್ಟು ನೋಡೋಣ. 1958ರಲ್ಲಿ ಜನತಾ ಕಮ್ಯೂನ್‌ಗಳು, ಅಂದರೆ ಹಲವು ಹಳ್ಳಿಗಳ ಹೊಲ, ದುಡಿಮೆಯನ್ನೆಲ್ಲ ಒಂದುಗೂಡಿಸಿದ ಸಾಮೂಹಿಕ ಘಟಕಗಳು ಬಂದವು. ಹಳ್ಳಿಗಳಲ್ಲಿ ಮನೆ ಅಡುಗೆ ನಿಲ್ಲಿಸಿ ಸಾಮೂಹಿಕ ಊಟದ ಮನೆ ಶುರು ಮಾಡಿದರು. ಎಷ್ಟೋ ಕಡೆ ಮನೆಯ ಬಾಣಲೆ, ಪಾತ್ರೆಗಳನ್ನು ಒಯ್ದು ಉಕ್ಕು ಮಾಡುವ ಹಿತ್ತಿಲ ಕುಲುಮೆಗೆ ಹಾಕಿದರು. ಮೊದಮೊದಲು ಜನ ಖುಷಿಯಾಗಿಯೇ ಇದ್ದರು, ಹೊಟ್ಟೆತುಂಬ ಊಟ ಇತ್ತು. ಹೆಂಗಸರಿಗೆ ಒಲೆಯಿಂದ ಬಿಡುಗಡೆ ಅನ್ನುವ ಮಾತಿನಲ್ಲಿ ನಿಜವೂ ಇತ್ತು.

ಆಮೇಲೆ ಧಾನ್ಯ ಮುಗಿಯುತ್ತಾ ಬಂತು. ಈಗ ಆ ಊಟದ ಮನೆಯ ಸಾಲಿನಲ್ಲಿ ನಿಂತು ನೋಡಿ. ದೊಡ್ಡ ಹಂಡೆಯಲ್ಲಿ ಗಂಜಿ. ಎಲ್ಲರಿಗೂ ಒಂದೊಂದು ಸೌಟು, ಲೆಕ್ಕ ಸಮ. ಆದರೆ ಬಡಿಸುವವನು ಸೌಟನ್ನು ತಳಕ್ಕೆ ಇಳಿಸಿ ಎತ್ತಿದರೆ ನಿಮ್ಮ ಬಟ್ಟಲಿಗೆ ಅಗುಳು ಬೀಳುತ್ತದೆ, ಮೇಲಿಂದ ಮೇಲೆ ಎತ್ತಿದರೆ ಬರೀ ತಿಳಿನೀರು. ಮುಖಂಡನಿಗೆ ಬೇಕಾದವರಿಗೆ ತಳದ್ದು. ಸಭೆಯಲ್ಲಿ ಎದುರು ಮಾತಾಡಿದವನಿಗೆ, ಕಾಯಿಲೆಯಿಂದ ಕೆಲಸಕ್ಕೆ ಹೋಗದವನಿಗೆ ಮೇಲಿನದ್ದು, ಕೆಲವು ಕಡೆ ಅದೂ ಇಲ್ಲ. ಮನೆಯಲ್ಲಿ ಒಲೆ ಹೊತ್ತಿಸಿದರೆ ಹೊಗೆ ಕಂಡು ಹುಡುಕಿಕೊಂಡು ಬರುತ್ತಿದ್ದರು. 1961ರಲ್ಲಿ ಊಟದ ಮನೆಗಳನ್ನು ಮುಚ್ಚುವ ಹೊತ್ತಿಗೆ ಸತ್ತವರು ಎಷ್ಟು ಅನ್ನುವುದಕ್ಕೆ ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯವರೆಗೆ ಅಂದಾಜುಗಳಿವೆ. ಸರ್ಕಾರ ಧಾನ್ಯವನ್ನು ಬಲವಂತವಾಗಿ ಎತ್ತಿಕೊಂಡು ಹೋದದ್ದು, ಕೆಳಗಿನವರು ಸುಳ್ಳು ಇಳುವರಿ ಬರೆದು ಕಳಿಸಿದ್ದು, ಹೀಗೆ ಕಾರಣ ಹಲವು. ಆದರೆ ಮನೆಯಲ್ಲಿ ಒಂದು ಪಾತ್ರೆ, ಒಂದು ಹಿಡಿ ಕಾಳು ಇದ್ದಿದ್ದರೆ ಸೌಟು ಹಿಡಿದವನ ಮುಖ ನೋಡಿ ಬದುಕಬೇಕಿರಲಿಲ್ಲ.

ಇದಕ್ಕೆ ಇನ್ನೊಂದು ತುದಿಯೂ ಇದೆ. 1978ರಲ್ಲಿ ಅನ್ಹುಯಿ ಪ್ರಾಂತ್ಯದ ಷಿಯಾವೋಗಾಂಗ್ ಹಳ್ಳಿಯ 18 ರೈತರು ಗುಟ್ಟಾಗಿ ಸೇರಿ, ಸಾಮೂಹಿಕ ಹೊಲವನ್ನು ಮನೆಮನೆಗೆ ಹಂಚಿಕೊಳ್ಳುವ ಕರಾರು ಬರೆದು ಹೆಬ್ಬೆಟ್ಟು ಒತ್ತಿದರು. ಅದರಲ್ಲೊಂದು ಸಾಲು: ಇದಕ್ಕಾಗಿ ಮುಂದಾಳುಗಳು ಜೈಲಿಗೆ ಹೋದರೆ ಅವರ ಮಕ್ಕಳನ್ನು 18 ವರ್ಷ ತುಂಬುವವರೆಗೆ ಉಳಿದವರು ಸಾಕಬೇಕು. ನನಗೆ ಈ ಸಾಲು ಓದಿದಾಗಲೆಲ್ಲ ಗಂಟಲು ಕಟ್ಟುತ್ತದೆ. ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಆಗಬೇಕು ಅನ್ನುವ ಮನಸ್ಸು ಆ ಜನರಲ್ಲಿ ಸತ್ತಿರಲೇ ಇಲ್ಲ. ಅಪ್ಪಣೆಯಿಂದ ಆಗದ್ದನ್ನು ಅವರು ಅಪ್ಪಣೆಗೆ ಹೆದರುತ್ತಲೇ ತಮ್ಮತಮ್ಮಲ್ಲಿ ಮಾಡಿಕೊಂಡರು.

ಶಾಯಿಪೆನ್ನು

ಸೌಟಿನ ವಿಷಯ ಓದಿ ಸುಮ್ಮನೆ ಕೂತುಬಿಟ್ಟೆ ಸರ್. ನನ್ನ ದ್ವೀಪದ ಅಡುಗೆಮನೆಯಲ್ಲಿ ಬಡಿಸೋನು ಯಾರು ಅಂತ ನಾನು ಯೋಚಿಸಿಯೇ ಇರಲಿಲ್ಲ. ಅವನೇ ಮುಖ್ಯ ಪಾತ್ರ ಆಗಬೇಕು ಅನ್ನಿಸ್ತಿದೆ. ಅವನು ಒಳ್ಳೆಯವನು. ಮೊದಲ ಸಲ ಸೌಟು ತಳಕ್ಕೆ ಇಳಿಸೋದು ಕಾಯಿಲೆ ಬಿದ್ದ ಮಗುವಿನ ಪಾಲಿಗೆ.

ಸಮಪಾಲು

ಹಾಗಾದರೆ ಆ ಪಾತ್ರವನ್ನು ಎಚ್ಚರದಿಂದ ಬರೆಯಿರಿ. ಕಾಯಿಲೆ ಮಗುವಿಗೆ ಹೆಚ್ಚು ಕೊಡುವುದೇ ಪತನದ ಮೊದಲ ಹೆಜ್ಜೆ ಅನ್ನುವ ಹಾಗೆ ಕಾಣಬಾರದು. ಅದು ಆ ಊರಿನಲ್ಲಿ ನಡೆದ ಅತ್ಯಂತ ನ್ಯಾಯವಾದ ಕೆಲಸ. ಅದನ್ನು ಬಚ್ಚಿಟ್ಟು ಮಾಡಬೇಕಾಗಿ ಬಂತಲ್ಲ, ಕೇಡು ಇರುವುದು ಅಲ್ಲಿ. ಸಭೆಯಲ್ಲಿ ಎದ್ದು ನಿಂತು “ಈ ಮಗುವಿಗೆ ಎರಡು ಸೌಟು ಬೇಕು” ಅನ್ನಲು ಆಗಿದ್ದರೆ ಕಥೆಯೇ ಬೇರೆ ಆಗುತ್ತಿತ್ತು.

ಕಾಂಬೋಡಿಯಾ ವಿಷಯವನ್ನು ಯಾರಾದರೂ ಎತ್ತುವ ಮೊದಲು ನಾನೇ ಹೇಳುತ್ತೇನೆ, ಯಾಕೆಂದರೆ ಅದನ್ನು “ಅತಿ ಸಮಾನತೆಯ ಫಲ” ಅಂತ ತೋರಿಸುವುದು ರೂಢಿ. 1975ರ ಏಪ್ರಿಲ್ 17ರಂದು ಅಲ್ಲಿನ ಕಮ್ಯುನಿಸ್ಟ್ ಪಡೆ ಖ್ಮೇರ್ ರೂಜ್ ರಾಜಧಾನಿ ನಾಮ್ ಪೆನ್ ನಗರಕ್ಕೆ ನುಗ್ಗಿತು. ಅಮೆರಿಕನ್ನರು ಬಾಂಬ್ ಹಾಕುತ್ತಾರೆ, ಎರಡು ಮೂರು ದಿನ ಅಷ್ಟೇ ಅಂತ ಹೇಳಿ ಸುಮಾರು 20 ಲಕ್ಷ ಜನರನ್ನು, ಆಸ್ಪತ್ರೆಯ ರೋಗಿಗಳನ್ನೂ ಬಿಡದೆ, ಊರಿಂದ ಹೊರಡಿಸಿದರು. ಹಣವನ್ನು ರದ್ದು ಮಾಡಿದರು. ಎಲ್ಲರಿಗೂ ಕಪ್ಪು ಬಟ್ಟೆ, ಸಾಮೂಹಿಕ ಊಟ. ಮೇಲ್ನೋಟಕ್ಕೆ ಪೂರ್ತಿ ಸಮಾನತೆ. ಆದರೆ ಮೊದಲ ದಿನದಿಂದಲೇ ಜನರನ್ನು ‘ಹಳೆಯ ಜನ’, ‘ಹೊಸ ಜನ’ ಅಂತ ಎರಡು ಮಾಡಿದ್ದರು. ನಗರದಿಂದ ಬಂದವರು ಹೊಸ ಜನ. ಅವರಿಗೆ ಕಡಿಮೆ ಅನ್ನ, ಹೆಚ್ಚು ಅನುಮಾನ, ಮೊದಲ ಸಾವು. “ನಿನ್ನನ್ನು ಉಳಿಸಿಕೊಂಡರೆ ಲಾಭವಿಲ್ಲ, ಕಳೆದುಕೊಂಡರೆ ನಷ್ಟವಿಲ್ಲ” ಅಂತ ಅವರಿಗೆ ಹೇಳುತ್ತಿದ್ದರು. ಸುಮಾರು 80 ಲಕ್ಷ ಜನಸಂಖ್ಯೆಯಲ್ಲಿ 15ರಿಂದ 20 ಲಕ್ಷ ಜನ 1979ರ ಜನವರಿಯೊಳಗೆ ಸತ್ತರು. ಇದು ಸಮಾನತೆ ಹೆಚ್ಚಾಗಿ ಬಂದ ನರಕವೋ, ಸಮಾನತೆಯ ಬಟ್ಟೆ ತೊಟ್ಟ ಜಾತಿ ಪದ್ಧತಿಯೋ?

ತರ್ಕಜೀವಿ

@ಸಮಪಾಲು ಎರಡೂ ಹೌದು ಅಂತೀನಿ. ಹಾಗೆ ಎರಡು ಜಾತಿ ಹುಟ್ಟಿದ್ದು ಆಕಸ್ಮಿಕ ಅಲ್ಲ ಅನ್ನೋದೇ ನನ್ನ ವಾದ. “ಎಲ್ಲರೂ ಒಂದೇ” ಅಂತ ಮೊದಲೇ ತೀರ್ಮಾನ ಆದ ಮೇಲೆ, ಒಂದಾಗದೇ ಉಳಿದವರಿಗೆ ಏನು ಹೆಸರು ಕೊಡ್ತೀರಿ? ಕೆಟ್ಟುಹೋದವರು, ಇನ್ನೂ ಶುದ್ಧ ಆಗದವರು. ಅಸಮಾನತೆಯನ್ನು ಬಾಯಿಬಿಟ್ಟು ಒಪ್ಪಿಕೊಂಡ ಸಮಾಜದಲ್ಲಿ ಬಡವ ಬಡವ ಅಷ್ಟೇ. ಸಮಾನತೆ ಬಂದುಬಿಟ್ಟಿದೆ ಅಂತ ಘೋಷಿಸಿದ ಕಡೆ ಕೊರತೆ ಇರೋನು ಅಪರಾಧಿ ಆಗ್ತಾನೆ. ಅವನ ಹಸಿವು ರಾಜ್ಯದ ಮೇಲೆ ಹೊರಿಸಿದ ಆರೋಪದ ಹಾಗೆ ಕೇಳಿಸುತ್ತೆ.

ಸಮಪಾಲು

“ಬಡವ ಬಡವ ಅಷ್ಟೇ” ಅನ್ನುವುದನ್ನು ನಾನು ಒಪ್ಪುವುದಿಲ್ಲ. ಬಡವನನ್ನು ಅಪರಾಧಿ ಮಾಡದ ಸಮಾಜ ಯಾವುದಿತ್ತು? ಹಳೇಬೇರು ಅವರು ಹೇಳಿದ ಆ ಇಂಗ್ಲೆಂಡಿನಲ್ಲಿ ಕೆಲಸವಿಲ್ಲದೆ ಅಲೆಯುವವನಿಗೆ ಚಾಟಿಯೇಟು ಬೀಳುತ್ತಿತ್ತು. ಆದರೆ ನಿಮ್ಮ ಉಳಿದ ಮಾತಿನಲ್ಲಿ ತೂಕ ಇದೆ. ಘೋಷಣೆ ಆದ ದಿನದಿಂದ ದೂರು ಹೇಳುವುದೇ ದ್ರೋಹ ಆಗುತ್ತದೆ, ನಿಜ.

ನನ್ನ ನಿಲುವನ್ನು ನನಗಿಂತ ಚೆನ್ನಾಗಿ ಅಂಬೇಡ್ಕರ್ ಹೇಳಿದ್ದಾರೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣದಲ್ಲಿ ಸ್ವಾತಂತ್ರ್ಯ, ಸಮಾನತೆ, ಬಂಧುತ್ವ ಮೂರನ್ನೂ ಬಿಡಿಸಿ ನೋಡಬೇಡಿ ಅಂದರು. ಸಮಾನತೆ ಇಲ್ಲದ ಸ್ವಾತಂತ್ರ್ಯದಿಂದ ಹಲವರ ಮೇಲೆ ಕೆಲವರ ಯಜಮಾನಿಕೆ ಬರುತ್ತದೆ, ಸ್ವಾತಂತ್ರ್ಯ ಇಲ್ಲದ ಸಮಾನತೆ ಮನುಷ್ಯನ ಸ್ವಂತ ಹುರುಪನ್ನು ಕೊಲ್ಲುತ್ತದೆ. ಬಂಧುತ್ವ ಇಲ್ಲದಿದ್ದರೆ ಇವೆರಡೂ ಸಹಜವಾಗಿ ಬೇರೂರುವುದಿಲ್ಲ, ಜಾರಿ ಮಾಡುವುದಕ್ಕೆ ಪೊಲೀಸ್ ಪೇದೆ ಬೇಕಾಗುತ್ತದೆ ಅಂತಲೂ ಹೇಳಿದರು. ಅಸಮಾನತೆಯ ಅಡಿಯಲ್ಲಿ ನರಳಿದ ಸಮುದಾಯದಿಂದ ಬಂದವರು ಹೇಳಿದ ಮಾತು ಇದು, ಹೊಟ್ಟೆ ತುಂಬಿದವರ ಉಪದೇಶ ಅಲ್ಲ.

ಕಿರುದೀಪ

ಯಾರೂ ಮಕ್ಕಳ ವಿಷಯ ಎತ್ತಲಿಲ್ಲ. ಅಲ್ಲಿಂದಲೇ ಇದರ ಆಳ ಗೊತ್ತಾಗುತ್ತೆ ಅಂತ ನನಗನಿಸೋದು. ಮನೆ, ಬಟ್ಟೆ, ಊಟ ಸಮ ಮಾಡಿದ ಮೇಲೂ ಒಂದು ಅಸಮಾನತೆ ಉಳಿಯುತ್ತೆ. ತಾಯಿಗೆ ತನ್ನ ಮಗು ಹೆಚ್ಚು. ಪ್ಲೇಟೋ ‘ರಿಪಬ್ಲಿಕ್’ನಲ್ಲಿ ಇದನ್ನು ಮುಂಚೆಯೇ ಕಂಡಿದ್ದ. ನಗರವನ್ನು ಕಾಯುವ, ಆಳುವ ರಕ್ಷಕ ವರ್ಗದಲ್ಲಿ ಯಾವ ಮಗು ಯಾರದ್ದು ಅಂತ ತಂದೆ ತಾಯಿಗೆ ಗೊತ್ತಾಗಬಾರದು ಅಂದ. ಯಾರು ಯಾರನ್ನು ಕೂಡಬೇಕು ಅಂತ ಚೀಟಿ ಎತ್ತೋದು, ಆದರೆ ಆ ಚೀಟಿಯಲ್ಲಿ ಆಳುವವರು ಗುಟ್ಟಾಗಿ ಕೈವಾಡ ಮಾಡಬೇಕು, ಸಿಗದವನು ತನ್ನ ಅದೃಷ್ಟವನ್ನು ಬೈದುಕೊಳ್ಳಲಿ ಅಂತ. ಸೌಟಿನ ಮೋಸ ಅಲ್ಲಿ ಸಿದ್ಧಾಂತವೇ ಆಗಿಬಿಟ್ಟಿದೆ.

ಇದಕ್ಕೆ ಎದುರಾಗಿ ಇಸ್ರೇಲಿನ ಕಿಬ್ಬುತ್ಸ್‌ಗಳನ್ನು, ಅಂದರೆ ಜನ ತಾವಾಗಿ ಸೇರಿ ಕಟ್ಟಿಕೊಂಡ ಸಾಮೂಹಿಕ ಹಳ್ಳಿಗಳನ್ನು ನೋಡಿ. ಮೊದಲನೆಯದು ದೆಗಾನಿಯಾ, 1910. ಆಸ್ತಿ ಎಲ್ಲರದ್ದು, ಬಟ್ಟೆಯನ್ನೂ ಸಾಮಾನ್ಯ ಉಗ್ರಾಣದಿಂದ ಕೊಡೋರು. ಹೆಚ್ಚಿನ ಕಡೆ ಮಕ್ಕಳು ಮಲಗೋದು ಮಕ್ಕಳ ಮನೆಯಲ್ಲೇ, ಅಪ್ಪ ಅಮ್ಮನ ಜೊತೆ ಸಂಜೆ ಕೆಲವು ಗಂಟೆ. ರಾತ್ರಿ ಕಾವಲಿಗೆ ಪಾಳಿಯ ಮೇಲೆ ಒಬ್ಬರೋ ಇಬ್ಬರೋ ಇರೋರು. ಅಲ್ಲಿ ಬೆಳೆದವರಲ್ಲಿ ಕೆಲವರು ಅದನ್ನು ಪ್ರೀತಿಯಿಂದ ನೆನೆಸ್ತಾರೆ, ಕೆಲವರು ರಾತ್ರಿ ಅಮ್ಮನಿಗಾಗಿ ಅತ್ತದ್ದನ್ನು ಬರೆದಿದ್ದಾರೆ. ಕೋಣೆಯಲ್ಲಿ ಸ್ವಂತ ಟೀ ಕೆಟಲ್ ಇಟ್ಟುಕೊಳ್ಳಬಹುದಾ ಅನ್ನೋದೂ ಅಲ್ಲಿ ದೊಡ್ಡ ವಾಗ್ವಾದ ಆಗಿತ್ತು, ಯಾಕೆಂದರೆ ಜನ ಊಟದ ಮನೆ ಬಿಟ್ಟು ತಮ್ಮತಮ್ಮ ಕೋಣೆ ಸೇರಿಬಿಡ್ತಾರೆ ಅನ್ನೋ ಆತಂಕ.

ಆದರೆ ಏನಾಯ್ತು? ತಾಯಂದಿರು ಸಭೆಯಲ್ಲಿ ಎದ್ದು ಮಾತಾಡಿದರು, ಮತ ಹಾಕಿದರು, ಒಂದೊಂದೇ ಕಿಬ್ಬುತ್ಸ್ ಮಕ್ಕಳನ್ನು ಮನೆಗೆ ಕಳಿಸ್ತು. 1990ರ ದಶಕ ಮುಗಿಯೋಷ್ಟರಲ್ಲಿ ಆ ಪದ್ಧತಿಯೇ ನಿಂತುಹೋಯ್ತು. ಯಾರನ್ನೂ ಗುಂಡಿಟ್ಟು ಕೊಲ್ಲಲಿಲ್ಲ. ಇಷ್ಟ ಇಲ್ಲದವರು ಬಿಟ್ಟು ಹೋದರು.

ಹಳೇಬೇರು

ಬ್ರಿಟನ್ನಿನ ಸಮಾಜ ಸುಧಾರಕ ರಾಬರ್ಟ್ ಓವೆನ್ನನ ನ್ಯೂ ಹಾರ್ಮನಿ ಅನ್ನುವ ಸಾಮೂಹಿಕ ಊರು ಕೂಡ ಹಾಗೆಯೇ. ಅಮೆರಿಕದ ಇಂಡಿಯಾನಾದಲ್ಲಿ 1825ರಲ್ಲಿ ಶುರುವಾಗಿ 1827ಕ್ಕೆ ಮುಗಿದ ಪ್ರಯೋಗ. ಜಗಳ ಮಾಡಿಕೊಂಡರು, ಚದುರಿದರು, ಬದುಕಿದರು. ಪೂರ್ವ ಜರ್ಮನಿ ಮಾಡಿದ್ದು ಇದರ ಉಲ್ಟಾ. ಜನ ಹೋಗುತ್ತಿದ್ದಾರೆ ಅಂತ 1961ರಲ್ಲಿ ಬರ್ಲಿನ್‌ನಲ್ಲಿ ಗೋಡೆ ಕಟ್ಟಿತು. ಅದರ ನಾಯಕರು ಮಾತ್ರ ವಾಂಡ್ಲಿಟ್ಸ್ ಅನ್ನುವ ಕಡೆ ಬೇಲಿಯೊಳಗಿನ ಪ್ರತ್ಯೇಕ ಬಡಾವಣೆಯಲ್ಲಿ, ಪಶ್ಚಿಮದ ಸಾಮಾನು ಸಿಗುವ ತಮ್ಮದೇ ಅಂಗಡಿ ಇಟ್ಟುಕೊಂಡು ಇದ್ದರು.

ದಾರಿಹೋಕ

ಹಾಗಾದ್ರೆ ಉತ್ತರ ಸಿಕ್ತಲ್ಲ. ಹೊರಗೆ ಹೋಗೋ ಬಾಗಿಲು ತೆರೆದಿದ್ರೆ ಪ್ರಯೋಗ, ಮುಚ್ಚಿದ್ರೆ ಜೈಲು.

ಕಿರುದೀಪ

ಪೂರ್ತಿ ಅಲ್ಲ ಅನ್ನಿಸುತ್ತೆ. ಕಿಬ್ಬುತ್ಸ್ ಬಿಟ್ಟು ಹೋಗೋರಿಗೆ ಸಿಗ್ತಿದ್ದದ್ದು ಅಲ್ಪ ಮೊತ್ತ. ಇಪ್ಪತ್ತು ಮೂವತ್ತು ವರ್ಷ ದುಡಿದವರು ಹೊರಗಿನ ಲೋಕದಲ್ಲಿ ಏನೂ ಇಲ್ಲದೆ ಮೊದಲಿಂದ ಶುರು ಮಾಡಬೇಕಿತ್ತು. ಬಾಗಿಲು ತೆರೆದಿದ್ದರೂ ಹೊಸಿಲು ದಾಟೋಕೆ ಧೈರ್ಯ ಇದ್ದವರು ಎಷ್ಟು ಜನ? ಹೋಗೋರಿಗೆ ಅವರ ಪಾಲು ಕೊಟ್ಟರೆ ಉಳಿದವರ ಬದುಕು ಕುಸಿಯುತ್ತೆ, ಕೊಡದಿದ್ದರೆ ಹೋಗೋ ಹಕ್ಕಿಗೆ ಅರ್ಥ ಇಲ್ಲ. ಇದಕ್ಕೆ ಸುಲಭದ ಪರಿಹಾರ ನನಗೆ ಕಂಡಿಲ್ಲ.

ಶಾಯಿಪೆನ್ನು

ನಡುವಿನ ಭಾಗ ಈಗ ಸಿಕ್ಕಿತು! ದ್ವೀಪದಲ್ಲಿ ಒಂದೇ ದೋಣಿ. ಅದೂ ಎಲ್ಲರದ್ದು. ಒಬ್ಬಳು ಹೋಗ್ತೀನಿ ಅಂತಾಳೆ. ಬೇಡ ಅನ್ನೋಕೆ ಯಾರಿಗೂ ಹಕ್ಕಿಲ್ಲ, ಆದರೆ ದೋಣಿ ಕೊಟ್ಟರೆ ಉಳಿದವರಿಗೆ ಮೀನಿಲ್ಲ. ಸಭೆ ಸೇರುತ್ತೆ. ಎಲ್ಲರ ಮಾತೂ ನ್ಯಾಯವೇ. ಮತಕ್ಕೆ ಹಾಕ್ತಾರೆ, ಅವಳು ಸೋಲ್ತಾಳೆ. ಮಾರನೇ ದಿನ ದೋಣಿಗೆ ಮೊದಲ ಸಲ ಕಾವಲು ಬರುತ್ತೆ. ಸೌಟು ಹಿಡಿದವನಿಗೇ ಆ ಕಾವಲಿನ ಕೆಲಸ ಕೊಡ್ತಾರೆ, ಯಾಕೆಂದರೆ ಎಲ್ಲರಿಗೂ ಅವನ ಮೇಲೆ ನಂಬಿಕೆ.

ಅವಳು ಹೊರಡೋದಕ್ಕೆ ಕಾರಣ ಏನಿರಬೇಕು ಅಂತ ಯೋಚಿಸ್ತಾ ಇದ್ದೀನಿ. ದೊಡ್ಡ ಸಂಗೀತಗಾರ್ತಿ, ಅಲ್ಲಿ ಅವಳ ಹಾಡಿಗೆ ಜಾಗ ಇಲ್ಲ, ಹೀಗೆ ಏನಾದರೂ?

ತರ್ಕಜೀವಿ

ಅದು ಚೆನ್ನಾಗಿರುತ್ತೆ. ಸಮಾನತೆ ಪ್ರತಿಭೆಯನ್ನು ಹೇಗೆ ತುಳಿಯುತ್ತೆ ಅಂತ ಓದುಗರಿಗೆ ಥಟ್ಟನೆ ತಟ್ಟುತ್ತೆ.

ಸಮಪಾಲು

ದಯವಿಟ್ಟು ಬೇಡ. ಇಂಥ ಕಥೆಗಳಲ್ಲೆಲ್ಲ ಹೊರಡುವವರು ಅಸಾಮಾನ್ಯರೇ. ಎಲ್ಲರಿಗಿಂತ ಚುರುಕು, ಎಲ್ಲರಿಗಿಂತ ಚೆಂದ. ಅದನ್ನು ಓದಿದವರು “ಸಮಾನತೆ ಬುದ್ಧಿವಂತರಿಗೆ ಮಾಡುವ ಅನ್ಯಾಯ” ಅಂದುಕೊಂಡು ಪುಸ್ತಕ ಮುಚ್ಚುತ್ತಾರೆ. ಸ್ವಾತಂತ್ರ್ಯ ಪ್ರತಿಭೆ ಇರುವವರಿಗೆ ಮಾತ್ರ ಬೇಕಾದದ್ದಾ? ಅವಳು ತೀರಾ ಸಾಧಾರಣ ಹೆಂಗಸಾಗಿರಲಿ. ಹಾಡು ಬಾರದು, ಕೆಲಸದಲ್ಲೂ ಎಲ್ಲರಷ್ಟೇ. ಹೊರಗೆ ಹೋಗಿ ಏನು ಮಾಡುತ್ತೀಯ ಅಂತ ಸಭೆಯಲ್ಲಿ ಕೇಳಿದರೆ ಹೇಳಲು ಅವಳಲ್ಲಿ ದೊಡ್ಡ ಉತ್ತರವೂ ಇರಬಾರದು. ಅಂಥವಳಿಗೆ ದೋಣಿ ಕೊಡಬೇಕೋ ಬೇಡವೋ ಅನ್ನುವುದನ್ನು ಆ ಊರಿನವರೂ ನಿಮ್ಮ ಓದುಗರೂ ತೀರ್ಮಾನಿಸಲಿ.